ಖಾತೆ ಬೇರೆ ಬೇರೆ, ಫೋಲ್ಡರ್ ಒಂದೇ: ಎರಡು ಕಂಪ್ಯೂಟರ್ ನಡುವೆ ಫೋಲ್ಡರ್ ಹಂಚಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ ಅಂದುಕೊಳ್ಳಿ. ಆಫೀಸಿನಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ಮೇಜಿನ ಮೇಲೆ ಒಂದು ಡೆಸ್ಕ್‌ಟಾಪ್. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ (ಕೂಲಿ ಹಂಚುವ ಲೆಕ್ಕ), ಕೊಯ್ಲಿನ ತೂಕ, ಗೊಬ್ಬರದ ಬಿಲ್ಲು ಎಲ್ಲವೂ ಅದರಲ್ಲೇ. ಮನೆಯಲ್ಲಿ ಸಾಹುಕಾರರ ಲ್ಯಾಪ್‌ಟಾಪ್. ಎರಡಕ್ಕೂ ವೈಫೈ ಒಂದೇ. ಆದರೂ ಲೆಕ್ಕ ಓಡಾಡುವುದು ಪೆನ್‌ಡ್ರೈವ್‌ನಲ್ಲಿ. ತಿಂಗಳು ಕಳೆಯುವಷ್ಟರಲ್ಲಿ 'ಚೆಕ್‌ರೋಲ್', 'ಚೆಕ್‌ರೋಲ್ ಹೊಸದು', 'ಚೆಕ್‌ರೋಲ್ ಹೊಸದು 2' ಅಂತ ಮೂರು ಫೈಲ್ ಆಗಿರುತ್ತವೆ. ಯಾವುದು ಸರಿಯಾದದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಫೋಲ್ಡರ್ ಹಂಚಿಕೊಳ್ಳೋಣ ಅಂತ ಹೊರಟವರಲ್ಲಿ ಹೆಚ್ಚಿನವರು ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಲ್ಯಾಪ್‌ಟಾಪ್‌ನಿಂದ ಆಫೀಸಿನ ಕಂಪ್ಯೂಟರ್ ಮೇಲೆ ಕ್ಲಿಕ್ ಮಾಡಿದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ತಮ್ಮದನ್ನು ಹಾಕುತ್ತಾರೆ, ತಪ್ಪು ಅನ್ನುತ್ತದೆ. ಮತ್ತೆ ಹಾಕುತ್ತಾರೆ, ಮತ್ತೆ ತಪ್ಪು. ಆಮೇಲೆ ಯಾರೋ ಬಂದು 'ಪಾಸ್‌ವರ್ಡ್ ಕೇಳೋದನ್ನೇ ಆಫ್ ಮಾಡಿಬಿಡಿ' ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ತೋಟದ ಮನೆಗಳು ಹೋಂಸ್ಟೇ ಕೂಡ ಹೌದು. ವಾರಾಂತ್ಯಕ್ಕೆ ಬಂದ ಅತಿಥಿಗಳ ಫೋನು, ಲ್ಯಾಪ್‌ಟಾಪ್ ಎಲ್ಲ ಅದೇ ವೈಫೈನಲ್ಲಿ ಇರುತ್ತವೆ. ಪಾಸ್‌ವರ್ಡ್ ತೆಗೆದರೆ ನಿಮ್ಮ ಬಟವಾಡೆ ಲೆಕ್ಕ ಅವರಿಗೂ ತೆರೆದೇ ಇರುತ್ತದೆ.

ನಾನು ಹೇಳುವ ದಾರಿ ಬೇರೆ. ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ, ಹಂಚಿಕೆಗೆಂದೇ ಒಂದು ಸಣ್ಣ ಖಾತೆ ಮಾಡಿ. ಇನ್ನೊಂದು ಕಂಪ್ಯೂಟರ್‌ನಿಂದ ಆ ಖಾತೆಯ ಹೆಸರಲ್ಲಿ ಒಳಗೆ ಹೋಗಿ. ಇಷ್ಟೇ ವಿಷಯ. ಉಳಿದದ್ದೆಲ್ಲ ಇದನ್ನು ಮಾಡುವ ಬಗೆ.

ಇಲ್ಲಿ ವಿಂಡೋಸ್ 10 ಮತ್ತು 11 ಎರಡಕ್ಕೂ ಹೇಳಿದ್ದೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಹಳ್ಳಿ ಕಡೆ ಇನ್ನೂ ಅದೇ ಜಾಸ್ತಿ ಅಲ್ವಾ. ಮೆನುವಿನ ಹೆಸರು, ಉದಾಹರಣೆಯ ಹೆಸರು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಿ.

ಪಾಸ್‌ವರ್ಡ್ ಯಾಕೆ ಒಪ್ಪುವುದಿಲ್ಲ?

ಮನೆ, ಸಣ್ಣ ಆಫೀಸುಗಳಲ್ಲಿ ಪ್ರತಿ ಕಂಪ್ಯೂಟರ್‌ಗೂ ಅದರದ್ದೇ ಖಾತೆಗಳ ಪಟ್ಟಿ ಇರುತ್ತದೆ. ಒಂದರ ಪಟ್ಟಿ ಇನ್ನೊಂದಕ್ಕೆ ಗೊತ್ತಿಲ್ಲ. ನಿಮ್ಮ ಮನೆಗೆ ನೀವೇ ಯಜಮಾನರಿರಬಹುದು, ಪಕ್ಕದ ತೋಟದ ಗೇಟಿನಲ್ಲಿ ಮಾತ್ರ ಅವರು ಗುರುತಿಸುವ ಹೆಸರನ್ನೇ ಹೇಳಬೇಕು. ಹಾಗಾಗಿ ಸಾಹುಕಾರರ ಲ್ಯಾಪ್‌ಟಾಪ್‌ನ ಹೆಸರು, ಪಾಸ್‌ವರ್ಡ್ ಆಫೀಸಿನ ಕಂಪ್ಯೂಟರ್‌ನಲ್ಲಿ ನಡೆಯುವುದಿಲ್ಲ. ಅದು ಕೇಳುವುದು ತನ್ನ ಪಟ್ಟಿಯಲ್ಲಿ ಇರುವ ಹೆಸರನ್ನು.

ಇದಕ್ಕೆ ಹಳೇ ಉಪಾಯ ಒಂದಿದೆ. ಎರಡೂ ಕಂಪ್ಯೂಟರ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇರುವ ಲೋಕಲ್ ಖಾತೆ, ಅಂದರೆ ಆ ಕಂಪ್ಯೂಟರ್‌ಗಷ್ಟೇ ಸೇರಿದ ಖಾತೆ, ಮಾಡುವುದು. ಆಗ ವಿಂಡೋಸ್ ಏನೂ ಕೇಳದೆ ಒಳಗೆ ಬಿಡುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಒಂದು ಕಡೆ ಪಾಸ್‌ವರ್ಡ್ ಬದಲಾದ ದಿನ ಎಲ್ಲ ನಿಲ್ಲುತ್ತದೆ, ಕಾರಣವೂ ತಕ್ಷಣ ಹೊಳೆಯುವುದಿಲ್ಲ.

ಇನ್ನೊಂದು ತೊಡಕು ಪಿನ್. ಲ್ಯಾಪ್‌ಟಾಪ್ ತೆರೆಯಲು ಹಾಕುವ ನಾಲ್ಕಾರು ಅಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸೇರಿದ್ದು. ನೆಟ್‌ವರ್ಕ್ ಮೂಲಕ ಅದು ಯಾವತ್ತೂ ನಡೆಯುವುದಿಲ್ಲ. ರೈಟರ್ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಇದ್ದರೆ ಪೂರ್ತಿ ಇಮೇಲ್ ವಿಳಾಸ ಮತ್ತು ಆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ವರ್ಷಾನುಗಟ್ಟಲೆ ಪಿನ್ ಹಾಕಿಕೊಂಡು ಬಂದವರಿಗೆ ಅದು ನೆನಪಿರುವುದೇ ಕಷ್ಟ. ಪಾಸ್‌ವರ್ಡ್ ಇಲ್ಲದ ಖಾಲಿ ಖಾತೆಯೂ ಉಪಯೋಗಕ್ಕೆ ಬಾರದು. ಖಾಲಿ ಪಾಸ್‌ವರ್ಡ್‌ನ ಖಾತೆಗೆ ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ ಪ್ರವೇಶ, ದೂರದಿಂದ ಬಂದವರಿಗೆ ಇಲ್ಲ ಅಂತ ವಿಂಡೋಸ್ ಮೊದಲೇ ಕಟ್ಟುನಿಟ್ಟು ಮಾಡಿರುತ್ತದೆ.

ಮೊದಲು ನೆಲ ಹದ ಮಾಡಿಕೊಳ್ಳಿ

ಎರಡೂ ಕಂಪ್ಯೂಟರ್ ಒಂದೇ ರೂಟರ್‌ಗೆ ಸೇರಿರಬೇಕು. ಕೇಬಲ್ ಆದರೂ ಸರಿ, ವೈಫೈ ಆದರೂ ಸರಿ. ಇಂಟರ್ನೆಟ್ ಬೇಕೇ ಇಲ್ಲ. ಜುಲೈ ಮಳೆಗೆ ಮರ ಬಿದ್ದು ವಾರಗಟ್ಟಲೆ ನೆಟ್ ಹೋದರೂ, ರೂಟರ್‌ಗೆ ಕರೆಂಟ್ ಇದ್ದರೆ ಹಂಚಿಕೆ ನಡೆಯುತ್ತದೆ. ಆಫೀಸು ಮತ್ತು ಮನೆ ದೂರ ಇದ್ದರೆ ಸಾಮಾನ್ಯ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು. ಆದರೆ ಕಟ್ಟಡದಿಂದ ಕಟ್ಟಡಕ್ಕೆ ಬಯಲಲ್ಲಿ ತಾಮ್ರದ ಕೇಬಲ್ ಹಾಕುವ ಮುಂಚೆ ಯೋಚಿಸಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಹೊತ್ತಿನ ಗುಡುಗು ಮಿಂಚು ಎರಡೂ ಕಡೆಯ ಯಂತ್ರವನ್ನು ಸುಟ್ಟೀತು. ಅಂಥ ಕಡೆ ಫೈಬರ್ ಹಾಕಿಸುವುದು ಒಳ್ಳೆಯದು.

ಹೋಂಸ್ಟೇ ಇದ್ದರೆ ರೂಟರ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಶುರು ಮಾಡಿ ಅತಿಥಿಗಳನ್ನು ಅಲ್ಲಿಗೆ ಕಳಿಸಿ. ನಿಮ್ಮ ಎರಡು ಕಂಪ್ಯೂಟರ್ ಮುಖ್ಯ ವೈಫೈನಲ್ಲೇ ಇರಲಿ. ಗೆಸ್ಟ್ ಕಡೆ ಸೇರಿದ ಯಂತ್ರಕ್ಕೆ ಬೇರೆ ಯಂತ್ರ ಕಾಣದ ಹಾಗೆ ರೂಟರ್ ತಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪೇ ಅಪ್ಪಿತಪ್ಪಿ ಅಲ್ಲಿ ಸೇರಿಕೊಂಡಿದ್ದರೆ ಅದಕ್ಕೂ ಇದೇ ಗತಿ.

ಆಮೇಲೆ ಎರಡೂ ಕಂಪ್ಯೂಟರ್‌ನಲ್ಲಿ 'ಸೆಟ್ಟಿಂಗ್ಸ್' ತೆರೆದು, 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒಳಗೆ ನೀವು ಬಳಸುತ್ತಿರುವ ವೈಫೈ ಅಥವಾ ಈಥರ್ನೆಟ್‌ನ 'ಪ್ರಾಪರ್ಟೀಸ್'ಗೆ ಹೋಗಿ. ಅಲ್ಲಿ 'ಪಬ್ಲಿಕ್' ಇದ್ದರೆ 'ಪ್ರೈವೇಟ್' ಮಾಡಿ. ಪಬ್ಲಿಕ್ ಇದ್ದಷ್ಟು ಹೊತ್ತು ಫೈರ್‌ವಾಲ್ (ನೆಟ್‌ವರ್ಕ್‌ನಿಂದ ಬರುವವರನ್ನು ತಡೆಯುವ ಕಾವಲು) ಬಾಗಿಲು ಹಾಕಿಕೊಂಡೇ ಇರುತ್ತದೆ.

ಈಗ ಆಫೀಸಿನ ಕಂಪ್ಯೂಟರ್‌ಗೆ ಹೇಳಲು ಸುಲಭವಾದ ಹೆಸರು ಕೊಡಿ. 'ಸೆಟ್ಟಿಂಗ್ಸ್', 'ಸಿಸ್ಟಮ್', 'ಅಬೌಟ್', 'ರಿನೇಮ್ ದಿಸ್ ಪಿಸಿ'. ಕಂಪನಿಯಿಂದ ಬಂದ ಹೆಸರು ಅಕ್ಷರ ಅಂಕಿ ಕಲಸಿ ವಿಚಿತ್ರವಾಗಿರುತ್ತದೆ. 15 ಅಕ್ಷರದ ಒಳಗೆ, ನಡುವೆ ಜಾಗ ಬಿಡದೆ, ಇಂಗ್ಲಿಷ್‌ನಲ್ಲಿ ಇರಲಿ. ನಾನು ಇಲ್ಲಿ 'ಆಫೀಸ್-1' ಅಂತ ಇಟ್ಟುಕೊಳ್ಳುತ್ತೇನೆ. ಹೆಸರು ಬದಲಿಸಿದ ಮೇಲೆ ರೀಸ್ಟಾರ್ಟ್ ಮಾಡಬೇಕು.

ಆ ಕಂಪ್ಯೂಟರ್ ಮಲಗಿದರೆ ಫೋಲ್ಡರ್ ಕೂಡ ಮಾಯ. 'ಪವರ್' ಸೆಟ್ಟಿಂಗ್‌ನಲ್ಲಿ 'ಸ್ಲೀಪ್' ಅನ್ನು 'ನೆವರ್' ಮಾಡಿ. ಸ್ಕ್ರೀನ್ ಬೇಕಾದರೆ ಆರಲಿ.

ಹಂಚಿಕೆಗೆ ಒಂದು ಖಾತೆ

ಈ ಕೆಲಸ ಪೂರ್ತಿ ಆಫೀಸ್-1ರಲ್ಲಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಇರುವ ಖಾತೆಯಿಂದ ಮಾಡಬೇಕು.

'ಸೆಟ್ಟಿಂಗ್ಸ್', 'ಅಕೌಂಟ್ಸ್', 'ಅದರ್ ಯೂಸರ್ಸ್', 'ಆಡ್ ಅಕೌಂಟ್'. ವಿಂಡೋಸ್ 10ರಲ್ಲಿ ಇದು 'ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್' ಒಳಗೆ ಇದೆ. ಒಂದು ಪೆಟ್ಟಿಗೆ ತೆರೆದು ಇಮೇಲ್ ಕೇಳುತ್ತದೆ. ಕೊಡಬೇಡಿ. ಕೆಳಗೆ ಸಣ್ಣಕ್ಷರದಲ್ಲಿ 'ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್‌ಫರ್ಮೇಶನ್' ಅಂತ ಇರುತ್ತದೆ, ಅದನ್ನು ಒತ್ತಿ. ಮುಂದಿನ ಪುಟದಲ್ಲಿ 'ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್'. ಈ ಎರಡು ಸಾಲು ಕಣ್ಣಿಗೆ ಬೀಳದ ಹಾಗೆ ಇಟ್ಟಿರುವುದು ಬೇಕೆಂದೇ ಅಂತ ನನ್ನ ಅನುಮಾನ.

ಹೆಸರು 'ತೋಟ' ಅಂತ ಕೊಡೋಣ. ಪಾಸ್‌ವರ್ಡ್ ಗಟ್ಟಿಯಾದದ್ದು ಇರಲಿ. ಒಂದು ಸಲ ಟೈಪ್ ಮಾಡಿದರೆ ಮುಗಿಯಿತು, ದಿನಾ ಹಾಕಬೇಕಾಗಿಲ್ಲ. ಹಾಗಾಗಿ ಉದ್ದ ಇದ್ದರೆ ಕಷ್ಟವೇನಿಲ್ಲ. ಮೂರು ಭದ್ರತಾ ಪ್ರಶ್ನೆ ಕೇಳುತ್ತದೆ, ಉತ್ತರ ಬರೆದಿಟ್ಟುಕೊಳ್ಳಿ. ಖಾತೆಯ ಬಗೆ 'ಸ್ಟ್ಯಾಂಡರ್ಡ್' ಆಗಿಯೇ ಇರಲಿ, ಅಡ್ಮಿನಿಸ್ಟ್ರೇಟರ್ ಮಾಡಬೇಡಿ. ಈ ಖಾತೆಗೆ ಯಾರೂ ಲಾಗಿನ್ ಆಗಿ ಕೂರುವುದಿಲ್ಲ. ಬಾಗಿಲಲ್ಲಿ ಹೇಳಲು ಒಂದು ಹೆಸರು, ಅಷ್ಟೇ.

ಫೋಲ್ಡರ್‌ಗೆ ಎರಡು ಬೀಗ

ಹಂಚಿಕೊಳ್ಳುವ ಫೋಲ್ಡರ್ ಅನ್ನು ಡೆಸ್ಕ್‌ಟಾಪ್ ಮೇಲೋ 'ಡಾಕ್ಯುಮೆಂಟ್ಸ್' ಒಳಗೋ ಇಡಬೇಡಿ. ಅವು ರೈಟರ್‌ನ ಸ್ವಂತ ಜಾಗ. ಎಷ್ಟೋ ಕಡೆ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಕೂಡ ಅವನ್ನು ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ. ಡಿ ಡ್ರೈವ್ ಇದ್ದರೆ ನೇರ ಅದರಲ್ಲಿ, ಇಲ್ಲವಾದರೆ ಸಿ ಡ್ರೈವ್‌ನಲ್ಲಿ 'ಲೆಕ್ಕ' ಅಂತ ಹೊಸ ಫೋಲ್ಡರ್ ಮಾಡಿ.

ಇಲ್ಲಿ ಗಮನ ಕೊಡಿ. ಅರ್ಧಕ್ಕರ್ಧ ತಾಪತ್ರಯ ಹುಟ್ಟುವುದು ಇಲ್ಲೇ. ಹಂಚಿದ ಫೋಲ್ಡರ್‌ಗೆ ಎರಡು ಬೀಗ ಇರುತ್ತವೆ. ಒಂದು ಹಂಚಿಕೆಯದು, ನೆಟ್‌ವರ್ಕ್‌ನಿಂದ ಬಂದವರಿಗೆ ಮಾತ್ರ. ಇನ್ನೊಂದು ಫೋಲ್ಡರ್‌ನದ್ದೇ, ಎಲ್ಲಿಂದ ಬಂದರೂ ಅನ್ವಯ. ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ. ಹಂಚಿಕೆಯಲ್ಲಿ ಬರೆಯುವ ಅನುಮತಿ ಕೊಟ್ಟು ಫೋಲ್ಡರ್‌ನಲ್ಲಿ ಓದುವುದಕ್ಕೆ ಮಾತ್ರ ಬಿಟ್ಟಿದ್ದರೆ, ಓದಬಹುದು, ಬರೆಯಲಾಗದು. ಉಲ್ಟಾ ಮಾಡಿದರೂ ಫಲ ಅದೇ.

ಹಂಚಿಕೆಯ ಬೀಗ ಮೊದಲು. 'ಲೆಕ್ಕ' ಫೋಲ್ಡರ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಶೇರಿಂಗ್' ಟ್ಯಾಬ್, 'ಅಡ್ವಾನ್ಸ್ಡ್ ಶೇರಿಂಗ್'. 'ಶೇರ್ ದಿಸ್ ಫೋಲ್ಡರ್'ಗೆ ಟಿಕ್ ಹಾಕಿ. 'ಪರ್ಮಿಶನ್ಸ್' ಒತ್ತಿದರೆ ಅಲ್ಲಿ 'ಎವ್ರಿಒನ್' ಅಂತ ಕೂತಿರುತ್ತದೆ. ಅದನ್ನು 'ರಿಮೂವ್' ಮಾಡಿ. 'ಆಡ್' ಒತ್ತಿ, 'ತೋಟ' ಅಂತ ಟೈಪ್ ಮಾಡಿ, 'ಚೆಕ್ ನೇಮ್ಸ್' ಒತ್ತಿ. ಹೆಸರಿಗೆ ಮೊದಲು ಕಂಪ್ಯೂಟರ್ ಹೆಸರು ಸೇರಿ ಅಡಿಗೆರೆ ಬಂದರೆ ಸರಿಯಾಗಿದೆ ಅಂತ ಅರ್ಥ. ಅದಕ್ಕೆ 'ಚೇಂಜ್' ಮತ್ತು 'ರೀಡ್' ಸಾಕು. 'ಫುಲ್ ಕಂಟ್ರೋಲ್' ಬೇಡ, ಅದು ಅನುಮತಿಗಳನ್ನೇ ಬದಲಿಸುವ ಅಧಿಕಾರ.

ನಂತರ ಫೋಲ್ಡರ್‌ನ ಬೀಗ. ಅದೇ ಪ್ರಾಪರ್ಟೀಸ್‌ನಲ್ಲಿ 'ಸೆಕ್ಯೂರಿಟಿ' ಟ್ಯಾಬ್, 'ಎಡಿಟ್', 'ಆಡ್', ಮತ್ತೆ 'ತೋಟ'. 'ಮಾಡಿಫೈ'ಗೆ ಟಿಕ್ ಹಾಕಿದರೆ ಓದುವುದು, ಬರೆಯುವುದು, ಅಳಿಸುವುದು ಎಲ್ಲ ಸೇರಿ ಬರುತ್ತದೆ. ಸಾಹುಕಾರರು ನೋಡಿದರೆ ಸಾಕು, ತಿದ್ದುವುದು ಬೇಡ ಅಂತಿದ್ದರೆ ಎರಡೂ ಕಡೆ 'ರೀಡ್' ಮಾತ್ರ ಕೊಡಿ. ಅದನ್ನು ಅವರಿಗೆ ಹೇಳುವ ಧೈರ್ಯ ರೈಟರ್‌ಗೆ ಇರಬೇಕು, ಅದು ಬೇರೆ ಮಾತು. ಡಿನೈ ಅನ್ನುವ ಸಾಲಿನ ಟಿಕ್ ಪೆಟ್ಟಿಗೆಗಳನ್ನು ಮುಟ್ಟಲೇಬೇಡಿ. ಸಾಮಾನ್ಯವಾಗಿ ಡಿನೈ ಬೇರೆ ಎಲ್ಲ ಅನುಮತಿಯನ್ನೂ ಮೀರುತ್ತದೆ, ಆಮೇಲೆ ಹುಡುಕಿ ತೆಗೆಯುವುದು ತಲೆನೋವು.

'ಶೇರಿಂಗ್' ಟ್ಯಾಬ್‌ನಲ್ಲೇ ಸುಮ್ನೆ 'ಶೇರ್' ಅನ್ನುವ ಗುಂಡಿಯೂ ಇದೆ. ಅದು ಎರಡೂ ಬೀಗವನ್ನು ತಾನೇ ಹೊಂದಿಸುತ್ತದೆ. ಅವಸರಕ್ಕೆ ಪರವಾಗಿಲ್ಲ. ಆದರೆ ಏನೋ ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ತಿಳಿಯಬೇಕಾದರೆ ಈ ಉದ್ದದ ದಾರಿಯೇ ಮೇಲು.

ಕೊನೆಗೆ ಹಂಚಿಕೆಯ ಮುಖ್ಯ ಸ್ವಿಚ್. ವಿಂಡೋಸ್ 11ರಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್', 'ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್', 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್'. ವಿಂಡೋಸ್ 10ರಲ್ಲಿ 'ಕಂಟ್ರೋಲ್ ಪ್ಯಾನೆಲ್'ನ 'ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್' ಒಳಗೆ. ಪ್ರೈವೇಟ್ ಕೆಳಗೆ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಆನ್. 'ಆಲ್ ನೆಟ್‌ವರ್ಕ್ಸ್' ಕೆಳಗೆ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಕೂಡ ಆನ್. ಎಲ್ಲರೂ ಆಫ್ ಮಾಡಿ ಅನ್ನುವುದು ಇದನ್ನೇ.

'ಹೋಂಗ್ರೂಪ್' ಮಾಡಿ ಅಂತ ಎಲ್ಲಾದರೂ ಓದಿದ್ದರೆ ಮರೆತುಬಿಡಿ. 2018ರಲ್ಲೇ ಅದನ್ನು ವಿಂಡೋಸ್ 10ರಿಂದ ತೆಗೆದಿದ್ದಾರೆ.

ಲ್ಯಾಪ್‌ಟಾಪ್ ಕಡೆಯಿಂದ ಒಳಗೆ ಹೋಗುವುದು

ಈಗ ಲ್ಯಾಪ್‌ಟಾಪ್‌ಗೆ ಬನ್ನಿ. ಇಲ್ಲಿ ಹೊಸ ಖಾತೆ ಮಾಡುವ ಅಗತ್ಯ ಇಲ್ಲ. ಸಾಹುಕಾರರು ತಮ್ಮ ಖಾತೆ, ತಮ್ಮ ಪಿನ್‌ನಲ್ಲೇ ಇರಲಿ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ದಿಸ್ ಪಿಸಿ' ತೆರೆದು 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಒತ್ತಿ. ವಿಂಡೋಸ್ 11ರಲ್ಲಿ ಅದು ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ ಇರುತ್ತದೆ. ಡ್ರೈವ್ ಅಕ್ಷರ ಝಡ್ ಇರಲಿ. ಫೋಲ್ಡರ್ ಜಾಗದಲ್ಲಿ ಹೀಗೆ ಬರೆಯಿರಿ:

\\ಆಫೀಸ್-1\ಲೆಕ್ಕ

ಗೆರೆ ವಾಲುವ ದಿಕ್ಕು ನೋಡಿಕೊಳ್ಳಿ. ವೆಬ್ ವಿಳಾಸದಲ್ಲಿ ಹಾಕುವ ಗೆರೆ ಅಲ್ಲ, ಅದರ ಉಲ್ಟಾ. ಕೆಳಗೆ ಎರಡು ಟಿಕ್ ಪೆಟ್ಟಿಗೆ ಇವೆ. 'ರಿಕನೆಕ್ಟ್ ಅಟ್ ಸೈನ್-ಇನ್' ಹಾಕಿದರೆ ಪ್ರತಿ ದಿನ ತಾನೇ ಸೇರಿಕೊಳ್ಳುತ್ತದೆ. 'ಕನೆಕ್ಟ್ ಯೂಸಿಂಗ್ ಡಿಫರೆಂಟ್ ಕ್ರೆಡೆನ್ಶಿಯಲ್ಸ್' (ಬೇರೆ ಹೆಸರು, ಪಾಸ್‌ವರ್ಡ್ ಬಳಸಿ ಸೇರು) ಅನ್ನುವುದೇ ನಮಗೆ ಬೇಕಾದದ್ದು, ಅದಕ್ಕೂ ಟಿಕ್ ಹಾಕಿ.

'ಫಿನಿಶ್' ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬರೀ 'ತೋಟ' ಅಂತ ಹಾಕಬೇಡಿ. ಹೀಗೆ ಹಾಕಿ:

ಆಫೀಸ್-1\ತೋಟ

ಕಂಪ್ಯೂಟರ್ ಹೆಸರು ಮೊದಲು, ಖಾತೆ ಆಮೇಲೆ. ಆಗ ಇದು ಯಾವ ಯಂತ್ರದ ತೋಟ ಅನ್ನುವ ಗೊಂದಲವೇ ಬರುವುದಿಲ್ಲ. 'ರಿಮೆಂಬರ್ ಮೈ ಕ್ರೆಡೆನ್ಶಿಯಲ್ಸ್'ಗೂ ಟಿಕ್ ಇರಲಿ. ಒಳಗೆ ಹೋದ ಮೇಲೆ ಒಂದು ಖಾಲಿ ಫೈಲ್ ಮಾಡಿ, ಹೆಸರು ಬದಲಿಸಿ, ಅಳಿಸಿ ನೋಡಿ. ಮೂರೂ ಆದರೆ ಎರಡು ಬೀಗವೂ ಸರಿ ಇವೆ.

ಈ ನೆನಪು ಆ ಲ್ಯಾಪ್‌ಟಾಪ್‌ನ ಆ ಖಾತೆಗೆ ಮಾತ್ರ. ಅದೇ ಲ್ಯಾಪ್‌ಟಾಪ್‌ನಲ್ಲಿ ಮಗಳಿಗೆ ಬೇರೆ ಖಾತೆ ಇದ್ದರೆ ಅವಳ ಕಡೆಯಿಂದಲೂ ಒಂದು ಸಲ ಇದನ್ನೇ ಮಾಡಬೇಕು.

ತೊಂದರೆ ಬಂದಾಗ

ಕಂಪ್ಯೂಟರ್ ಸಿಗುತ್ತಲೇ ಇಲ್ಲ ಅಂದರೆ ಹೆಸರಿನ ಬದಲು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಸಂಖ್ಯೆ) ಹಾಕಿ ನೋಡಿ. ಆಫೀಸ್-1ರ ನೆಟ್‌ವರ್ಕ್ ಪ್ರಾಪರ್ಟೀಸ್‌ನಲ್ಲಿ 'ಐಪಿವಿ4 ಅಡ್ರೆಸ್' ಮುಂದೆ 192.168.1.10 ತರಹದ ಸಂಖ್ಯೆ ಇರುತ್ತದೆ. ಅದರಿಂದ ಸಿಕ್ಕರೆ ಸಮಸ್ಯೆ ಹೆಸರು ಹುಡುಕುವುದರಲ್ಲಿ ಮಾತ್ರ. ರೂಟರ್‌ನಲ್ಲಿ ಆ ಯಂತ್ರಕ್ಕೆ ಅದೇ ಸಂಖ್ಯೆ ಕಾಯ್ದಿರಿಸಿ, ಐಪಿಯನ್ನೇ ಬಳಸಿ. ಅದರಿಂದಲೂ ಸಿಗದಿದ್ದರೆ ನೋಡಬೇಕಾದ್ದು ಪಬ್ಲಿಕ್-ಪ್ರೈವೇಟ್, ಗೆಸ್ಟ್ ವೈಫೈ, ಸ್ಲೀಪ್. ಹೊರಗಿನ ಆಂಟಿವೈರಸ್ ಹಾಕಿದ್ದರೆ ಅದರ ಫೈರ್‌ವಾಲ್ ಕೂಡ ಅಡ್ಡ ಬಂದಿರಬಹುದು. ಅದಕ್ಕೂ ಈ ನೆಟ್‌ವರ್ಕ್ ನಂಬಿಕೆಯದು ಅಂತ ಹೇಳಬೇಕು.

ಒಬ್ಬನೇ ಬಳಕೆದಾರ ಎರಡು ಹೆಸರಲ್ಲಿ ಒಂದೇ ಸರ್ವರ್‌ಗೆ (ಇಲ್ಲಿ ಆಫೀಸ್-1) ಸೇರುವಂತಿಲ್ಲ ಅನ್ನುವ ಅರ್ಥದ ಸಂದೇಶ ಬರುವುದೂ ಉಂಟು. ಅದರ ಸಂಖ್ಯೆ 1219. ಮೊದಲು ಯಾವುದೋ ಹೆಸರಲ್ಲಿ ಪ್ರಯತ್ನಿಸಿದ್ದು ವಿಂಡೋಸ್ ಇನ್ನೂ ಹಿಡಿದುಕೊಂಡಿದೆ ಅಂತ ಅರ್ಥ. ಹಳೇ ಝಡ್ ಡ್ರೈವ್ ಇದ್ದರೆ ರೈಟ್ ಕ್ಲಿಕ್ ಮಾಡಿ 'ಡಿಸ್ಕನೆಕ್ಟ್' ಮಾಡಿ. ಆಮೇಲೆ 'ಕಂಟ್ರೋಲ್ ಪ್ಯಾನೆಲ್', 'ಕ್ರೆಡೆನ್ಶಿಯಲ್ ಮ್ಯಾನೇಜರ್', 'ವಿಂಡೋಸ್ ಕ್ರೆಡೆನ್ಶಿಯಲ್ಸ್'ಗೆ ಹೋಗಿ ಆಫೀಸ್-1ರ ಹೆಸರಲ್ಲಿ ಇರುವುದನ್ನೆಲ್ಲ ತೆಗೆಯಿರಿ. ಸೈನ್ ಔಟ್ ಆಗಿ ಮತ್ತೆ ಬನ್ನಿ.

ಫೋಲ್ಡರ್ ತೆರೆಯುತ್ತದೆ, ಒಳಗಿನ ಒಂದೆರಡು ಫೈಲ್ ಮಾತ್ರ 'ಆಕ್ಸೆಸ್ ಡಿನೈಡ್' ಅನ್ನುತ್ತದೆ. ಇದಕ್ಕೆ ಕಾರಣ ತಮಾಷೆಯಾಗಿದೆ. ಅದೇ ಡ್ರೈವ್‌ನ ಇನ್ನೊಂದು ಜಾಗದಿಂದ ಕಟ್ ಮಾಡಿ ಪೇಸ್ಟ್ ಮಾಡಿದ ಫೈಲ್ ತನ್ನ ಹಳೇ ಅನುಮತಿಯನ್ನೇ ಹೊತ್ತು ತರುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದ್ದು ಹೊಸ ಫೋಲ್ಡರ್‌ನ ಅನುಮತಿ ಪಡೆಯುತ್ತದೆ. ಸರಿಮಾಡಲು 'ಲೆಕ್ಕ' ಫೋಲ್ಡರ್‌ನ 'ಸೆಕ್ಯೂರಿಟಿ', 'ಅಡ್ವಾನ್ಸ್ಡ್' ಒಳಗೆ ಕೊನೆಯಲ್ಲಿ ಇರುವ 'ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್' ಎಂದು ಶುರುವಾಗುವ ಸಾಲಿಗೆ ಟಿಕ್ ಹಾಕಿ 'ಅಪ್ಲೈ' ಮಾಡಿ. ಒಳಗೆ ಯಾವುದೋ ಫೋಲ್ಡರ್‌ಗೆ ಬೇಕೆಂದೇ ಬೇರೆ ಅನುಮತಿ ಇಟ್ಟಿದ್ದರೆ ಅದೂ ಅಳಿಸಿಹೋಗುತ್ತದೆ, ನೋಡಿಕೊಂಡು ಮಾಡಿ.

ಗುರುತು ಹೇಳದ ಗೆಸ್ಟ್ ಪ್ರವೇಶವನ್ನು 'ಆರ್ಗನೈಸೇಶನ್' ತಡೆದಿದೆ ಅಂತ ಸಂದೇಶ ಬಂದರೆ ಗಾಬರಿ ಬೇಡ. ನಿಮ್ಮದು ಯಾವ ಕಂಪನಿಯೂ ಅಲ್ಲದಿದ್ದರೂ ಅದು ಹಾಗೇ ಹೇಳುತ್ತದೆ. ಆ ಕಡೆಯ ಯಂತ್ರ ಪಾಸ್‌ವರ್ಡ್ ಇಲ್ಲದೆ ಹಂಚುತ್ತಿದೆ ಎಂದರ್ಥ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊನಲ್ಲಿ ಇಂಥ ಪ್ರವೇಶ ಮೊದಲಿಂದಲೇ ಬಂದ್. ಪಾಸ್‌ವರ್ಡ್ ಆಫ್ ಮಾಡುವ ಹಳೇ ಉಪಾಯ ಅಲ್ಲಿ ಇನ್ನು ಕೆಲಸಕ್ಕೂ ಬರುವುದಿಲ್ಲ ಅಂತಾಯಿತು.

ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಯಂತ್ರ ಇದ್ದರೆ ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಅನ್ನುವ, ಫೈಲ್ ಹಂಚಿಕೆಯ ಹಳೇ ಭಾಷೆ ಮಾತ್ರ. ಅದನ್ನು ಹೊಸ ಕಂಪ್ಯೂಟರ್‌ನಲ್ಲಿ ಆನ್ ಮಾಡಿ ಅನ್ನುವ ಸಲಹೆ ಸಿಗುತ್ತದೆ. ಕೇಳಬೇಡಿ. 2017ರ ಮೇನಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ಹರಡಿದ್ದು ಇದೇ ಕಿಂಡಿಯಿಂದ. ಆ ಯಂತ್ರದ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಅದನ್ನು ನೆಟ್‌ವರ್ಕ್‌ನಿಂದ ಬಿಡಿಸಿಬಿಡಿ.

ದಿನದ ಬಳಕೆಯಲ್ಲಿ

ಝಡ್ ಡ್ರೈವ್‌ನಿಂದ ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋದದ್ದು ಹೋಯಿತು. ಮನೆಯ ಎಲ್ಲರಿಗೂ ಇದನ್ನು ಮೊದಲೇ ಹೇಳಿ. ಹಂಚಿಕೆ ಬ್ಯಾಕಪ್ ಅಲ್ಲ, ಫೈಲ್ ಇರುವುದು ಆಫೀಸಿನ ಒಂದೇ ಡಿಸ್ಕ್‌ನಲ್ಲಿ. ಬಟವಾಡೆ ಮುಗಿದ ಮೇಲೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಒಂದು ಪ್ರತಿ ತೆಗೆದು, ಡಿಸ್ಕ್ ಬಿಚ್ಚಿಡಿ. ಲ್ಯಾಪ್‌ಟಾಪ್‌ಗೆ ವೈರಸ್ ಬಂದರೆ ಝಡ್ ಡ್ರೈವ್ ಕೂಡ ಅದರ ಕೈಗೆ ಸಿಗುತ್ತದೆ. ಬಿಚ್ಚಿಟ್ಟ ಡಿಸ್ಕ್ ಸಿಗುವುದಿಲ್ಲ.

ರೈಟರ್ ಚೆಕ್‌ರೋಲ್‌ನ ಎಕ್ಸೆಲ್ ಫೈಲ್ ತೆರೆದಿದ್ದಾಗ ಸಾಹುಕಾರರೂ ತೆರೆದರೆ 'ಲಾಕ್ಡ್ ಫಾರ್ ಎಡಿಟಿಂಗ್' ಅಂತ ಬಂದು, ಓದಲು ಮಾತ್ರ ಸಿಗುತ್ತದೆ. ಅದು ದೋಷ ಅಲ್ಲ. ಇಬ್ಬರೂ ಬರೆದು ಒಬ್ಬರದ್ದು ಅಳಿಸಿಹೋಗದಿರಲಿ ಅಂತ ಇರುವ ಏರ್ಪಾಡು. ಯಾರು ಏನು ತೆರೆದಿದ್ದಾರೆ ಅಂತ ಆಫೀಸ್-1ರ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್', 'ಶೇರ್ಡ್ ಫೋಲ್ಡರ್ಸ್', 'ಓಪನ್ ಫೈಲ್ಸ್' ಒಳಗೆ ನೋಡಬಹುದು. ಟ್ಯಾಲಿ ಬಳಸುವವರು ಇನ್ನೊಂದು ವಿಷಯ ಗಮನಿಸಿ. ಫೋಲ್ಡರ್ ಹಂಚಿದ ಮಾತ್ರಕ್ಕೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡಲಾಗದು. ಸಿಲ್ವರ್ ಲೈಸೆನ್ಸ್ ಒಬ್ಬರಿಗೆ, ಹೆಚ್ಚು ಜನಕ್ಕೆ ಗೋಲ್ಡ್ ಬೇಕು.

ಫೈಲ್ ಹೆಸರು ಯೂನಿಕೋಡ್ ಕನ್ನಡದಲ್ಲಿ ಇದ್ದರೆ ಎರಡೂ ಕಡೆ ಸರಿಯಾಗಿ ಕಾಣುತ್ತದೆ. ಆದರೆ ಹಳೇ ನುಡಿ ಫಾಂಟ್‌ನಲ್ಲಿ ಬರೆದ ಪತ್ರಗಳು ಲ್ಯಾಪ್‌ಟಾಪ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣಬಹುದು. ಫೈಲ್ ಕೆಟ್ಟಿಲ್ಲ, ಅಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಅದನ್ನು ಲ್ಯಾಪ್‌ಟಾಪ್‌ಗೂ ಹಾಕಿ.

ರೈಟರ್ ಕೆಲಸ ಬಿಟ್ಟಾಗ, ಲ್ಯಾಪ್‌ಟಾಪ್ ಮಾರಿದಾಗ 'ತೋಟ' ಖಾತೆಯ ಪಾಸ್‌ವರ್ಡ್ ಬದಲಿಸಿ. ಉಳಿದ ಖಾತೆಗಳನ್ನು ಅದಕ್ಕಾಗಿ ಮುಟ್ಟಬೇಕಾಗಿಲ್ಲ, ಬೇರೆ ಖಾತೆ ಮಾಡಿದ ಲಾಭವೇ ಅದು. ಬಳಕೆಯಲ್ಲಿ ಉಳಿದ ಯಂತ್ರಗಳ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿ. ಹಂಚಿಕೆಯೇ ಬೇಡ ಅನಿಸಿದರೆ 'ಅಡ್ವಾನ್ಸ್ಡ್ ಶೇರಿಂಗ್'ನಲ್ಲಿ 'ಶೇರ್ ದಿಸ್ ಫೋಲ್ಡರ್' ಟಿಕ್ ತೆಗೆಯಿರಿ. ಫೋಲ್ಡರ್, ಫೈಲ್ ಎಲ್ಲ ಹಾಗೇ ಇರುತ್ತವೆ, ಹೊರಗಿನ ಬಾಗಿಲು ಮಾತ್ರ ಮುಚ್ಚುತ್ತದೆ.